ಎರಡು ಸೀಮೆಗೆ ಒಂದು ಬೈಕು

ಬಸ್ತಿಹಳ್ಳಿಯಿಂದ ಬೇಲೂರಿನ ಕಡೆ ಹೊರಟವರಿಗೆ ಆ ಊರು ದಾಟಿದ ಮೇಲೆ ಕಾಫಿ ತೋಟದ ನೆರಳು, ಪಾಚಿ ಹಿಡಿದ ಏರು, ಆಷಾಢದಲ್ಲಿ ಬಿಡದೆ ಹಿಡಿಯುವ ಜಡಿಮಳೆ. ಬಸ್ತಿಹಳ್ಳಿಯಿಂದಲೇ ಜಾವಗಲ್ ಕಡೆ ತಿರುಗಿದರೆ ಬಾಣಾವರ, ಅರಸೀಕೆರೆವರೆಗೂ ತೆಂಗಿನ ಸಾಲು, ರಾಗಿ ಹೊಲ, ಗರಸಿನ ಗಾಡಿದಾರಿ, ಬೇಸಿಗೆಯಲ್ಲಿ ಚಕ್ರ ಹೂತುಕೊಳ್ಳುವ ಕೆಂಧೂಳು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಗಡಿ ಇಲ್ಲೇ ಎಲ್ಲೋ ಹಾದುಹೋಗುತ್ತದೆ. ಡಾಂಬರಿಗೂ ಆಗಬೇಕು, ದಾರಿಯೇ ಇಲ್ಲದ ಕಡೆಗೂ ಆಗಬೇಕು ಎಂಬ ಬೈಕು ನಮ್ಮ ಕಡೆಯವರಿಗೆ ಶೋಕಿಯಲ್ಲ. ಬೆಳಿಗ್ಗೆ ತೋಟ ನೋಡಿ ಮಧ್ಯಾಹ್ನ ತೆಂಗಿನಕಾಯಿ ಮಂಡಿಗೆ ಹೋಗುವವರಿಗೆ ಅದು ದಿನದ ಅಗತ್ಯ.

ಇಂಥ ಬೈಕುಗಳಿಗೆ ಡ್ಯುಯಲ್ ಸ್ಪೋರ್ಟ್ ಎಂದು ಹೆಸರು. 2011ರಲ್ಲಿ ಹೀರೋ ಇಂಪಲ್ಸ್ ಬಂದಾಗ ಉದ್ದ ಕಾಲಿನ ಆ ಬೈಕನ್ನು ನಮ್ಮ ಜನ ಬೆರಗಿನಿಂದ ನೋಡಿದರು. ಶಾಕ್ ಚೆನ್ನಾಗಿತ್ತು, ಎಂಜಿನ್ ಮಾತ್ರ 149 ಸಿಸಿ. ಹಾಗಾಗಿ ಅದೇ ಕಂಪನಿಯ ಕರಿಜ್ಮಾದ 223 ಸಿಸಿ ಎಂಜಿನ್ನನ್ನು ಇಂಪಲ್ಸ್ ಚೌಕಟ್ಟಿಗೆ ಕೂರಿಸುವ ಸಾಹಸ ಉತ್ಸಾಹಿಗಳಲ್ಲಿ ಹಬ್ಬಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200. ಇವತ್ತು ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳನ್ನು ನೋಡಲು ಬರುವವರ ಬೈಕುಗಳಲ್ಲಿ ಇವೆರಡೂ ಕಣ್ಣಿಗೆ ಬೀಳುತ್ತವೆ. ಕಂಬಗಳ ನುಣುಪನ್ನು ಮೆಚ್ಚಿ ಹೊರಬಂದ ಮೇಲೆ, ಒಮ್ಮೆ ಆ ಬೈಕುಗಳ ಮುಂದೆಯೂ ನಿಂತು ಯಾರು ಏನೇನು ಬದಲಾಯಿಸಿದ್ದಾರೆ ನೋಡಿ. ಅದೂ ಒಂದು ಕುಸುರಿಯೇ.

ಕೆಲಸ ಬಲ್ಲ ಮೆಕ್ಯಾನಿಕ್ ಮೊದಲು ಪಾನಾ ಕೈಗೆತ್ತಿಕೊಳ್ಳುವುದಿಲ್ಲ. ಪ್ರಶ್ನೆ ಕೇಳುತ್ತಾನೆ. "ಅಣ್ಣ, ಜಾಸ್ತಿ ಯಾವ ಕಡೆ ಓಡ್ಸದು? ಒಬ್ರೇನಾ, ಹಿಂದೆ ಯಾರಾದ್ರೂ ಕೂರ್ತಾರಾ? ಮೂಟೆ ಗೀಟೆ ಹಾಕ್ತೀರಾ?" ಇಡೀ ವಿದ್ಯೆಯ ತಳಪಾಯ ಈ ಮೂರು ಪ್ರಶ್ನೆಗಳಲ್ಲಿದೆ. ಹೊಸಬರು ಬಂದ ಕೂಡಲೇ ಕೇಳುವುದು ಸೈಲೆನ್ಸರ್, ಪವರ್, ಪಿಕಪ್. ಅನುಭವಸ್ಥ ಎಂಜಿನ್ನನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಾನೆ. ನನಗೆ ಈ ಕಸುಬಿನ ಮೇಲೆ ಗೌರವ ಹುಟ್ಟಿದ್ದು ಆ ಅನುಕ್ರಮದಿಂದಲೇ: ಮೊದಲು ನೆಲಕ್ಕೆ ತಾಗುವ ಭಾಗ, ಆಮೇಲೆ ಸವಾರನಿಗೆ ತಾಗುವ ಭಾಗ, ಕೊನೆಗೆ ಬೆಂಕಿ ಉರಿಯುವ ಭಾಗ.

ಇದು ಬರೀ ಹಳ್ಳಿಯ ಮೆಕ್ಯಾನಿಕ್ಕಿನ ಹಟವಲ್ಲ. ಡಕಾರ್ ರ‍್ಯಾಲಿಯನ್ನೇ ನೋಡಿ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯರಾದರು, 36ನೆಯವರಾಗಿ. ಮರುಭೂಮಿಯಲ್ಲಿ ಎರಡು ವಾರ ಓಡುವ ಆ ಸ್ಪರ್ಧೆಯ ಬೈಕುಗಳ ಎಂಜಿನ್ 450 ಸಿಸಿ ಮೀರುವಂತಿಲ್ಲ. ಆದರೆ ಅವುಗಳ ಚಕ್ರ ಸುಮಾರು 300 ಮಿ.ಮೀ. ಮೇಲೆ ಕೆಳಗೆ ಆಡಬಲ್ಲದು. ಅಷ್ಟು ಆಟ ಇರುವುದರಿಂದಲೇ ಇರುವ ಎಂಜಿನ್ನಿನ ಬಲ ನೆಲಕ್ಕೆ ಮುಟ್ಟುತ್ತದೆ. ಹಿಂದಿನ ಚಕ್ರ ಗಾಳಿಯಲ್ಲಿ ತೇಲುತ್ತಿದ್ದರೆ ಎಷ್ಟು ಕುದುರೆಬಲ ಇದ್ದರೇನು?

ಎಕ್ಸ್‌ಪಲ್ಸ್ 200 ಕಾರ್ಖಾನೆಯಿಂದ ಬರುವಾಗ ಮುಂದಿನ ಚಕ್ರ 21 ಇಂಚು, ಹಿಂದಿನದು 18. ಶಾಕ್‌ನ ಆಟ ಮುಂದೆ 190 ಮಿ.ಮೀ., ಹಿಂದೆ 170. ನೆಲದಿಂದ ಹೊಟ್ಟೆಯವರೆಗಿನ ಅಂತರ 220. ನಮ್ಮ ದಾರಿಗಳಿಗೆ ಇಷ್ಟು ಧಾರಾಳ ಸಾಕು, ಸರಿಯಾಗಿ ಹೊಂದಿಸಿದರೆ. ಬಹಳ ಮಂದಿ ಹೊಂದಿಸುವುದೇ ಇಲ್ಲ. ಎಂಬತ್ತು ಕಿಲೋ ತೂಗುವವರೂ ಐವತ್ತೈದು ಕಿಲೋ ತೂಗುವವರೂ ಷೋರೂಮಿನಿಂದ ತಂದ ಸ್ಥಿತಿಯಲ್ಲೇ ಓಡಿಸುತ್ತಾರೆ.

ಹೊಂದಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಳೆಯಲು ಒಂದು ಪಟ್ಟಿ ಬಿಟ್ಟು ಬೇರೆ ಸಲಕರಣೆ ಬೇಡ. ಬೈಕನ್ನು ಎತ್ತಿ ನಿಲ್ಲಿಸಿ, ಹಿಂದಿನ ಚಕ್ರ ಪೂರ್ತಿ ಜೋತುಬೀಳಲಿ. ಆಕ್ಸಲ್‌ನಿಂದ ನೇರ ಮೇಲಕ್ಕೆ, ಮಡ್‌ಗಾರ್ಡ್ ಮೇಲೆ ಒಂದು ಗುರುತು ಹಾಕಿ ಅಳೆಯಿರಿ. ಆಮೇಲೆ ನೆಲಕ್ಕಿಳಿಸಿ, ದಿನಾ ಹಾಕುವ ಬೂಟು, ಹೆಲ್ಮೆಟ್, ಬ್ಯಾಗಿನೊಂದಿಗೆ ಸವಾರ ಕೂರಲಿ, ಇನ್ನೊಬ್ಬರು ಹ್ಯಾಂಡಲ್ ಹಿಡಿದಿರಲಿ. ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ ಒಟ್ಟು ಆಟದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. 170 ಮಿ.ಮೀ. ಆಟವಿದ್ದರೆ ಐವತ್ತು, ಐವತ್ತೈದು. ಅದಕ್ಕಿಂತ ಹೆಚ್ಚು ಕುಸಿದರೆ ಅಡ್ಜಸ್ಟರ್ ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಬೇಕು, ಕಡಿಮೆಯಾದರೆ ಸಡಿಲ ಮಾಡಬೇಕು. ಇಷ್ಟು ಕುಸಿತ ಯಾಕೆ ಬೇಕೆಂದರೆ, ಚಕ್ರ ಗುಂಡಿಯ ಮೇಲೆ ಬಂದಾಗ ಕೆಳಕ್ಕಿಳಿದು ನೆಲ ಹಿಡಿಯಲು ಅದಕ್ಕೆ ಜಾಗ ಇರಬೇಕು. ಶಾಕ್ ಇರುವುದು ಏಟು ನುಂಗುವುದಕ್ಕಷ್ಟೇ ಎಂದು ನಾವು ತಿಳಿದಿದ್ದೇವೆ. ನೆಲವನ್ನು ಬಿಡದೆ ಹಿಂಬಾಲಿಸುವುದೂ ಅದರ ಅಷ್ಟೇ ದೊಡ್ಡ ಕೆಲಸ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಗ್ಯಾರೇಜುಗಳಲ್ಲೂ ಉಂಟು. ಅಡ್ಜಸ್ಟರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಬೈಕು ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೆ. ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ ಮತ್ತು ಸುತ್ತುಗಳಲ್ಲಿದೆ. ತೀರಾ ಭಾರದವರಿಗೆ ಬೇರೆ ಸ್ಪ್ರಿಂಗೇ ಬೇಕು. ಮುಂದಿನ ಫೋರ್ಕ್‌ನಲ್ಲಿ ಎಣ್ಣೆಯ ಆಟವೂ ಸೇರಿಕೊಳ್ಳುತ್ತದೆ. ಎಣ್ಣೆ ಮಂದವಾದಷ್ಟೂ ಫೋರ್ಕ್ ನಿಧಾನವಾಗಿ ಕುಸಿದು ನಿಧಾನವಾಗಿ ಏಳುತ್ತದೆ. ತೀರಾ ಮಂದವಾದರೆ ಸಾಲು ಜಲ್ಲಿಯ ಮೇಲೆ ಒಂದು ಏಟಿನಿಂದ ಎದ್ದೇಳುವ ಮೊದಲೇ ಇನ್ನೊಂದು ಏಟು ಬಿದ್ದು, ಮುಂಗೈ ಜೋಮು ಹಿಡಿಯುತ್ತದೆ. ಎಣ್ಣೆಯ ಮಟ್ಟ ಸ್ವಲ್ಪ ಏರಿಸಿದರೆ ಮೇಲೆ ಉಳಿದ ಗಾಳಿ ಇಕ್ಕಟ್ಟಾಗಿ, ದೊಡ್ಡ ಹಳ್ಳಕ್ಕೆ ಬಿದ್ದಾಗ ಮಾತ್ರ ಬಿಗಿಯಾಗುತ್ತದೆ. ಎರಡೂ ಕೊಳವೆಗೆ ಸಮ ಅಳೆದು ಹುಯ್ಯುವವನ ಕೈ ನೋಡುವುದೇ ಒಂದು ಖುಷಿ.

ಇನ್ನೂ ಹೆಚ್ಚು ಬೇಕೆನ್ನುವವರಿಗೆ ಹೀರೋ ಕಂಪನಿ 2020ರಲ್ಲಿ ರ‍್ಯಾಲಿ ಕಿಟ್ ತಂದಿತು, ಆಗಿನ ಬೆಲೆ 38,000 ರೂಪಾಯಿ. ಅದರಿಂದ ಆಟ ಮುಂದೆ 250 ಮಿ.ಮೀ., ಹಿಂದೆ 220ಕ್ಕೆ ಏರುತ್ತದೆ. ಸೀಟೂ ಏರುತ್ತದೆ ಎಂಬುದನ್ನು ಮರೆಯಬಾರದು. ಕಾಲು ನೆಲಕ್ಕೆ ಎಟುಕದವರು ಹಸಿ ಇಳಿಜಾರಿನಲ್ಲಿ ನಿಲ್ಲಬೇಕಾಗಿ ಬಂದರೆ ಆ ಎತ್ತರವೇ ಶತ್ರು.

ಇನ್ನು ಚೈನ್ ಸ್ಪ್ರಾಕೆಟ್. ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಬದಲಾವಣೆ ಬೇರೆ ಇಲ್ಲ. ಮುಂದೆ 13 ಹಲ್ಲು, ಹಿಂದೆ 40 ಹಲ್ಲು ಇದ್ದರೆ ಎಂಜಿನ್ ಕಡೆಯ ಸ್ಪ್ರಾಕೆಟ್ 3.08 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಮುಂದಿನದನ್ನು 12 ಹಲ್ಲಿನದಕ್ಕೆ ಬದಲಾಯಿಸಿದರೆ 3.33. ಒಂದೇ ಹಲ್ಲು, ಆದರೆ ಚಕ್ರಕ್ಕೆ ಬರುವ ಸೆಳೆತ ನೂರಕ್ಕೆ ಎಂಟರಷ್ಟು ಹೆಚ್ಚು. ಹಿಂದಿನ ಸ್ಪ್ರಾಕೆಟ್ಟಿಗೆ ಮೂರು ಹಲ್ಲು ಸೇರಿಸಿದರೆ ಸಿಗುವಷ್ಟೇ ಲಾಭ. ತೋಟದ ಏರಿನಲ್ಲಿ ಕ್ಲಚ್ ಎಳೆದೆಳೆದು ಸುಡುವ ಕಷ್ಟ ತಪ್ಪುತ್ತದೆ, ಮೊದಲ ಗೇರಿನಲ್ಲಿ ನಡೆಯುವವರ ವೇಗಕ್ಕೆ ಇಳಿಸಿದರೂ ಎಂಜಿನ್ ಒದ್ದಾಡುವುದಿಲ್ಲ. ಅರಸೀಕೆರೆಯ ನೇರ ರಸ್ತೆಯಲ್ಲಿ ಮಾತ್ರ ಎಂಜಿನ್ ಕಿರುಚುತ್ತದೆ. ಚಿಕ್ಕ ಹಲ್ಲುಚಕ್ರದ ಸುತ್ತ ಚೈನು ಹೆಚ್ಚು ಬಾಗಬೇಕಾಗಿ ಬೇಗ ಸವೆಯುತ್ತದೆ. ಹಾಗಾಗಿ ಬೇಲೂರಿನ ಕಡೆಯವರಿಗೆ ಒಂದು, ಅರಸೀಕೆರೆ ಕಡೆಯವರಿಗೆ ಇನ್ನೊಂದು. ಎರಡೂ ಕಡೆ ಓಡಾಡುವವರು ಮಳೆಗಾಲಕ್ಕೆ 12, ಸುಗ್ಗಿ ಮುಗಿದ ಮೇಲೆ 13 ಹಾಕಿಕೊಳ್ಳುವುದೂ ಸರಿಯೇ.

ಟಯರಿನ ಮಾತು ಚಿಕ್ಕದು. ದಪ್ಪ ಗುಬ್ಬಿಗಳ ಟಯರು ಕೆಸರಿಗೆ ಚೆನ್ನ, ಒದ್ದೆ ಡಾಂಬರಿಗೆ ಕೆಟ್ಟದ್ದು. ಮಣ್ಣಿಗಿಳಿದಾಗ ಗಾಳಿ ಸ್ವಲ್ಪ ಇಳಿಸಿದರೆ ಟಯರು ಅಗಲವಾಗಿ ಹಿಡಿಯುತ್ತದೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ತೂತು ಜೊತೆಯಾಗಿ ಬೀಳುತ್ತವೆ. ಹ್ಯಾಂಡಲ್ ಎತ್ತರವನ್ನು ನಿಂತು ಓಡಿಸುವವರ ಬೆನ್ನು ಬಾಗದಂತೆ ಏರಿಸಬೇಕು, ಬ್ರೇಕು ಮತ್ತು ಕ್ಲಚ್ ಲಿವರನ್ನು ನಿಂತಾಗ ಮಣಿಕಟ್ಟು ನೇರ ಇರುವಂತೆ ಕೆಳಕ್ಕೆ ತಿರುಗಿಸಬೇಕು. ಎಂಜಿನ್ ಕೆಳಗೊಂದು ದಪ್ಪ ಅಲ್ಯುಮಿನಿಯಂ ತಗಡು. ಇಷ್ಟು ಸಾಕು.

ಈಗ ಎಂಜಿನ್. ಇಲ್ಲಿ ಮೈಸೂರನ್ನು ನೆನೆಯದೆ ಮುಂದೆ ಹೋಗಲಾಗದು. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಿಂದ 1996ರವರೆಗೆ ಬೈಕು ತಯಾರಿಸಿತು. ಜಾವಾ, ಯೆಜ್ಡಿಗಳ ಟೂ ಸ್ಟ್ರೋಕ್ ಎಂಜಿನ್ನಿನ ಮೇಲೆ ಕೈ ಪಳಗಿಸಿಕೊಂಡ ಒಂದು ತಲೆಮಾರೇ ಆ ಸೀಮೆಯಲ್ಲಿ ಬೆಳೆಯಿತು. ಮೈಸೂರಿನ ಸೋಮೇಂದರ್ ಸಿಂಗ್ ರೇಸ್ ಬೈಕುಗಳ ಎಂಜಿನ್ ತಿದ್ದುತ್ತಿದ್ದವರು. ಸಿಲಿಂಡರ್ ಹೆಡ್‌ನ ಒಳಮೈಯಲ್ಲಿ, ಪಿಸ್ಟನ್ ಬಹಳ ಹತ್ತಿರ ಬರುವ ಅಂಚಿನಲ್ಲಿ, ಅವರು ಪ್ಲಗ್ಗಿನ ಕಡೆಗೆ ಸಣ್ಣ ಕಾಲುವೆಗಳನ್ನು ಕೊರೆದರು. ಪಿಸ್ಟನ್ ಮೇಲೆ ಬಂದಾಗ ಅಂಚಿನಲ್ಲಿ ಹಿಂಡಿದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಆ ಕಾಲುವೆಗಳಲ್ಲಿ ನುಗ್ಗಿ, ಊದುಗೊಳವೆಯಿಂದ ಒಲೆಗೆ ಊದಿದಂತೆ, ಉರಿಯನ್ನು ಚುರುಕು ಮಾಡಬೇಕು ಎಂಬುದು ಅವರ ಯೋಚನೆ. 2001ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ನನಗೆ ಹಿಡಿಸಿದ್ದು ಅವರ ಯೋಚನೆಯ ದಿಕ್ಕು. ಹೆಚ್ಚು ಪೆಟ್ರೋಲ್ ಸುರಿಯುವ ದಾರಿ ಬಿಟ್ಟು, ಒಳಗೆ ಬಂದದ್ದು ಚೆನ್ನಾಗಿ ಉರಿಯುವ ದಾರಿ ಹುಡುಕಿದರು.

ಕಾರ್ಬುರೇಟರ್ ಇರುವ ಬೈಕಿನಲ್ಲಿ ಈ ಉರಿಯ ಪರೀಕ್ಷೆ ಪ್ಲಗ್ಗಿನ ಬಣ್ಣದಲ್ಲಿದೆ. ಬಿಚ್ಚಿ ನೋಡಿದಾಗ ತುದಿ ಹದವಾದ ಕಂದು ಬಣ್ಣಕ್ಕಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಎಂಜಿನ್ ಕಾಯುತ್ತಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಅದಕ್ಕೆ ತಕ್ಕ ತೂತಿರುವ ಪೆಟ್ರೋಲ್ ಜೆಟ್ ಹಾಕಬೇಕು. ಇಲ್ಲಿಂದ ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿಗೆ ಹೋದರೆ ಎತ್ತರ ಸುಮಾರು 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದನೇ ಒಂದು ಭಾಗ ಕಡಿಮೆ. ಗಾಳಿ ತೆಳುವಾದರೂ ಜೆಟ್ಟಿನ ತೂತು ಅಷ್ಟೇ ಇರುವುದರಿಂದ ಬೈಕು ಮುಗ್ಗರಿಸುತ್ತದೆ, ಪ್ಲಗ್ ಕಪ್ಪಾಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಸೆನ್ಸರುಗಳೇ ಗಾಳಿ ಅಳೆದು ಪೆಟ್ರೋಲ್ ಕಡಿಮೆ ಮಾಡುತ್ತವೆ.

ಏರ್ ಫಿಲ್ಟರನ್ನು ಮಾತ್ರ ಯಾರೂ ಕಿತ್ತೆಸೆಯಬಾರದು. ಫಿಲ್ಟರ್ ತೆಗೆದರೆ ಎಂಜಿನ್ ಉಸಿರಾಟ ಹಗುರಾಗುತ್ತದೆ ಎಂದು ಹೇಳುವವರಿದ್ದಾರೆ. ಜಾವಗಲ್ ದಾರಿಯ ಧೂಳು ನೇರ ಒಳಗೆ ಹೋದರೆ ಪಿಸ್ಟನ್ ರಿಂಗು, ಬೋರು ಎರಡನ್ನೂ ತೇಯುತ್ತದೆ, ಆಮೇಲೆ ಹೊಗೆ ಶುರು. ಎಣ್ಣೆ ಸವರಿದ ಸ್ಪಂಜಿನ ಫಿಲ್ಟರ್ ಹಾಕಿ, ಧೂಳಿನ ಕಾಲದಲ್ಲಿ ಪದೇ ಪದೇ ತೊಳೆಯುವುದೇ ಬುದ್ಧಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊರತಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಾವಣೆ, ಕಿರುಚುವ ಸೈಲೆನ್ಸರ್ ಇವೆಲ್ಲ ಸ್ಪರ್ಧೆಯ ಅಂಗಳಕ್ಕೇ ಸೇರಿದ್ದು. ಕಾಡಂಚಿನ ದಾರಿಯಲ್ಲಿ ಆನೆಗೂ, ಬಸದಿಯ ಎದುರು ಕೈಮುಗಿದು ನಿಂತವರಿಗೂ ಆ ಸದ್ದು ಬೇಡ. 2022ರಲ್ಲಿ ಹೀರೋ ಕಂಪನಿಯೇ ಎಕ್ಸ್‌ಪಲ್ಸ್‌ನ ರ‍್ಯಾಲಿ ಎಡಿಷನ್ ತಂದದ್ದರಿಂದ, ಉದ್ದ ಶಾಕ್ ಬೇಕೆನ್ನುವವರಿಗೆ ಕಾರ್ಖಾನೆಯಿಂದಲೇ ಒಂದು ದಾರಿ ತೆರೆಯಿತು.

ಎಲ್ಲ ಮುಗಿಸಿ ಒಂದು ಸುತ್ತು ಹತ್ತಿರದ ಪುಷ್ಪಗಿರಿಯ ಕಡೆ ಓಡಿಸಿ ತಂದ ಮೇಲೂ ಕೆಲಸ ಉಳಿದಿರುತ್ತದೆ. ಹೊಸದಾಗಿ ಬಿಗಿದ ಸ್ಪೋಕುಗಳು ಮೊದಲ ಓಟದಲ್ಲಿ ಸಡಿಲಾಗುತ್ತವೆ. ಪಾನಾದಿಂದ ಒಂದೊಂದನ್ನೂ ತಟ್ಟಿ, ಮಂಕು ಸದ್ದು ಬಂದದ್ದನ್ನು ಬಿಗಿಯಬೇಕು. ಚೈನಿನ ಸಡಿಲವನ್ನು ಖಾಲಿ ಬೈಕಿನಲ್ಲಿ ಮಾತ್ರ ನೋಡಿದರೆ ಸಾಲದು. ಹಿಂದಿನ ತೋಳು ಮೇಲಕ್ಕೆ ಬಂದು ಮುಂದಿನ ಸ್ಪ್ರಾಕೆಟ್, ತೋಳಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತ್ಯಂತ ಬಿಗಿಯಾಗುತ್ತದೆ. ಉದ್ದ ಆಟದ ಶಾಕ್ ಇದ್ದಷ್ಟೂ ಈ ವ್ಯತ್ಯಾಸ ದೊಡ್ಡದು. ಹಾಗಾಗಿ ಇಬ್ಬರನ್ನು ಸೀಟಿನ ಮೇಲೆ ಕೂರಿಸಿ, ಆಗಲೂ ಚೈನು ಬೆರಳಿಗೆ ಸ್ವಲ್ಪ ಆಡುತ್ತದೆಯೇ ಎಂದು ನೋಡಿಕೊಂಡು, ಆಮೇಲೆ ಆಕ್ಸಲ್ ನಟ್ಟು ಬಿಗಿಯಬೇಕು.