ಕ್ವಿಂಟಾಲ್ ಎಂದರೆ ಎಷ್ಟು ಕಿಲೋ?

ಅಡಿಕೆ ಬೆಳೆಗಾರರಿಗೆ ಈ ಪ್ರಶ್ನೆ ಹಾಕಿದರೆ ನಕ್ಕಾರು. ನೂರು ಕಿಲೋ ಎಂಬುದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಆದರೆ ಗ್ವಾಟೆಮಾಲಾ, ಹೊಂಡುರಾಸ್ ದೇಶಗಳ ಕಾಫಿ ಬೆಳೆಗಾರನನ್ನು ಕೇಳಿದರೆ ನಲವತ್ತಾರು ಕಿಲೋ ಎನ್ನುತ್ತಾನೆ. ಸ್ಪೇನಿನವರ ಕಾಲದ ನೂರು ಪೌಂಡಿನ ಕ್ವಿಂಟಾಲ್ ಅಲ್ಲಿನ ಕಾಫಿ ವ್ಯಾಪಾರದಲ್ಲಿ ಇಂದಿಗೂ ಉಳಿದಿದೆ.

೧೮೭೫ರಲ್ಲಿ ಹದಿನೇಳು ದೇಶಗಳು ಪ್ಯಾರಿಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮಲ್ಲಿ ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆ ಬಂದ ಮೇಲೆ ಸೇರು, ಮಣಗಳು ಕ್ರಮೇಣ ಹಿಂದೆ ಸರಿದು ಕಿಲೋ ನೆಲೆಯೂರಿತು. ಕಿಲೋ ಎಲ್ಲ ದೇಶಗಳಲ್ಲೂ ಒಂದೇ ತೂಕ. ಜನ ಅದನ್ನು ಬಳಸುವ ರೀತಿ ಮಾತ್ರ ಬೇರೆ ಬೇರೆ. ಇಟಲಿಯ ಅಂಗಡಿಯಲ್ಲಿ ನೂರು ಗ್ರಾಮಿಗೆ ಒಂದು ‘ಎತ್ತೊ’ ಎನ್ನುತ್ತಾರೆ. ಆಸ್ಟ್ರಿಯಾದಲ್ಲಿ ಅದೇ ತೂಕಕ್ಕೆ ಹತ್ತು ‘ಡೇಕಾ’. ಜರ್ಮನಿಯಲ್ಲಿ ಅರ್ಧ ಕಿಲೋವನ್ನು ಇಂದಿಗೂ ಪೌಂಡು ಎಂದೇ ಕರೆಯುವವರಿದ್ದಾರೆ. ‘ತ್ಸೆಂಟ್ನರ್’ ಎಂಬ ಒಂದೇ ಮಾತು ಜರ್ಮನಿಯಲ್ಲಿ ಐವತ್ತು ಕಿಲೋ, ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದರೆ ನೂರು ಕಿಲೋ!

ಇದರಿಂದ ನಮಗೇನು ಎಂದು ಕೇಳಬಹುದು. ಈಗ ಹೊರದೇಶದ ಕಾಫಿ ಧಾರಣೆ ದಿನವೂ ನಮ್ಮ ಕೈಯಲ್ಲಿರುವ ಫೋನಿಗೇ ಬರುತ್ತದೆ. ನ್ಯೂಯಾರ್ಕಿನಲ್ಲಿ ಅರೇಬಿಕಾ ಧಾರಣೆ ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದು, ಲಂಡನ್ನಿನಲ್ಲಿ ರೋಬಸ್ಟಾ ಧಾರಣೆ ಒಂದು ಟನ್ನಿಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ನಮ್ಮ ವ್ಯವಹಾರ ಐವತ್ತು ಕಿಲೋ ಮೂಟೆಯದು. ಬ್ರೆಜಿಲ್ಲಿನದು ಅರವತ್ತು ಕಿಲೋ, ಕೊಲಂಬಿಯಾ ರಫ್ತು ಮಾಡುವುದು ಎಪ್ಪತ್ತು ಕಿಲೋ ಮೂಟೆ.

ಒಂದು ಲೆಕ್ಕ ನೋಡೋಣ. ನ್ಯೂಯಾರ್ಕಿನಲ್ಲಿ ಪೌಂಡಿಗೆ ೨೦೦ ಸೆಂಟ್ ಇದೆಯೆಂದು ಇಟ್ಟುಕೊಳ್ಳಿ. ಕಿಲೋಗೆ ೨.೨೦೪೬ ಪೌಂಡು, ಆದ್ದರಿಂದ ಐವತ್ತು ಕಿಲೋಗೆ ಸುಮಾರು ೨೨೦ ಡಾಲರ್ ಆಯಿತು. ಆದರೆ ಅದು ಕ್ಯೂರಿಂಗ್ ಆದ ಕ್ಲೀನ್ ಕಾಫಿಯ ಧಾರಣೆ. ನಮ್ಮ ಐವತ್ತು ಕಿಲೋ ಪಾರ್ಚ್‌ಮೆಂಟಿನಲ್ಲಿ ಕ್ಲೀನ್ ಕಾಫಿ ಸಿಗುವುದು ಸುಮಾರು ನಲವತ್ತು ಕಿಲೋ. ಅಂದರೆ ಲೆಕ್ಕ ೧೭೬ ಡಾಲರಿಗೆ ಇಳಿಯಿತು. ಕ್ಯೂರಿಂಗ್, ಸಾಗಾಣಿಕೆ, ದರ್ಜೆಯ ವ್ಯತ್ಯಾಸಗಳು ಇನ್ನೂ ಬಾಕಿ. ೨೨೦ ಡಾಲರನ್ನೇ ನಂಬಿ ಮಾಲು ಹಿಡಿದಿಟ್ಟು ಕುಳಿತರೆ ನಷ್ಟ ಬೆಳೆಗಾರನಿಗೇ.

ಇಳುವರಿಯ ಮಾತೂ ಹೀಗೆಯೇ. ಬ್ರೆಜಿಲ್ಲಿನ ತೋಟವೊಂದರಲ್ಲಿ ಮೂವತ್ತು ಮೂಟೆ ಎಂದು ಕೇಳಿದರೆ, ಅದು ಹೆಕ್ಟೇರಿಗೆ, ಅರವತ್ತು ಕಿಲೋ ಕ್ಲೀನ್ ಕಾಫಿಯ ಮೂಟೆ. ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ನಮ್ಮ ಎಕರೆಗೆ ನಮ್ಮ ಪಾರ್ಚ್‌ಮೆಂಟ್ ಮೂಟೆಯಲ್ಲಿ ಹೇಳಿದರೆ ಅದು ಹದಿನೆಂಟು ಮೂಟೆ. ಅಲ್ಲಿಯೂ ಹಳೆಯ ‘ಅಲ್ಕೇರಿ’ ಎಂಬ ಭೂಮಿಯ ಅಳತೆ ಮರೆಯಾಗಿಲ್ಲ. ಸಾವೊಪಾಲೊದ ಅಲ್ಕೇರಿ ೨.೪೨ ಹೆಕ್ಟೇರ್, ಪಕ್ಕದ ಮಿನಾಸ್ ಪ್ರಾಂತ್ಯದ್ದು ಅದರ ಎರಡರಷ್ಟು.

ನಾವೂ ಹಾಗೆಯೇ ಅಲ್ಲವೇ? ಸರ್ಕಾರಿ ವರದಿಯಲ್ಲಿ ಮಳೆ ಮಿಲಿಮೀಟರಿನಲ್ಲಿ, ತೋಟದ ಮಾತಿನಲ್ಲಿ ಇಂಚಿನಲ್ಲಿ. ಕಾಫಿ ಮಂಡಳಿಯ ಇಳುವರಿ ಲೆಕ್ಕ ಹೆಕ್ಟೇರಿನಲ್ಲಿ, ನಮ್ಮದು ಎಕರೆ, ಗುಂಟೆಯಲ್ಲಿ. ಇದರಲ್ಲಿ ತಪ್ಪೇನಿಲ್ಲ, ಅಳತೆ ಬಳಕೆಯಿಂದ ಬಂದದ್ದು.

ಆದ್ದರಿಂದ ಸದಸ್ಯ ಬಾಂಧವರು ಹೊರಗಿನ ಧಾರಣೆ, ಇಳುವರಿಯ ಅಂಕಿ ಕೇಳಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ತೂಕ? ಚೆರ್ರಿಯೋ, ಪಾರ್ಚ್‌ಮೆಂಟೋ, ಕ್ಲೀನ್ ಕಾಫಿಯೋ? ಎಕರೆಗೋ, ಹೆಕ್ಟೇರಿಗೋ? ಉತ್ತರ ಸಿಕ್ಕಿದ ಮೇಲೆಯೇ ಮಾಲು ಮಾರುವ ಅಥವಾ ಹಿಡಿದಿಡುವ ನಿರ್ಧಾರ ಮಾಡುವುದು ಲೇಸು.