ಕಡಲಾಚೆಯ ಮನೆ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ಅಂಕೋಲಾ ನೆಲೆಸಿದೆ. ಇಲ್ಲಿಯ ಜನ ಅನ್ನವನ್ನರಸಿ ಊರು ಬಿಟ್ಟದ್ದು ಇಂದು ನಿನ್ನೆಯ ಸಂಗತಿಯಲ್ಲ. 1956ರವರೆಗೆ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ಅವರ ದಾರಿ ಸಹಜವಾಗಿಯೇ ಮುಂಬಯಿಯತ್ತ ಸಾಗುತ್ತಿತ್ತು. ಮುಂಬಯಿಗೆ ಹೋದ ಮಗ ಚೌತಿಗೆ ಮನೆಗೆ ಬರುತ್ತಾನೆಂಬ ಭರವಸೆ ತಂದೆತಾಯಿಗಳಿಗಿತ್ತು. ಅಮೆರಿಕೆಯಲ್ಲೋ ಕೆನಡಾದಲ್ಲೋ ಮನೆ ಕಟ್ಟಿಕೊಂಡ ಮಕ್ಕಳ ವಿಷಯದಲ್ಲಿ ಆ ಭರವಸೆ ಉಳಿದಿಲ್ಲ. ಆದುದರಿಂದ ಈಗ ಪ್ರಶ್ನೆ ತಿರುಗಿ ನಿಂತಿದೆ: ಮಕ್ಕಳು ಮರಳದಿದ್ದರೆ, ಮುಪ್ಪಿನ ಕಾಲದಲ್ಲಿ ತಂದೆತಾಯಿಗಳೇ ಅಲ್ಲಿಗೆ ಹೋಗಿ ನೆಲೆಸಬಹುದೆ?

ಇದಕ್ಕೆ ಎಲ್ಲ ದೇಶಗಳ ಉತ್ತರವೂ ಒಂದೇ ಅಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ತಂದೆತಾಯಿಗಳ ವಾಸವು ಸಾಮಾನ್ಯವಾಗಿ ಮಗನ ನೌಕರಿಗೆ ಅಂಟಿಕೊಂಡಿರುತ್ತದೆ; ನೌಕರಿ ಮುಗಿದರೆ ಎಲ್ಲರೂ ಹೊರಡಬೇಕು. ಕನಿಷ್ಠ ಅರ್ಧದಷ್ಟು ಮಕ್ಕಳಾದರೂ, ಇಲ್ಲವೆ ಬೇರೆ ಯಾವುದೇ ಒಂದು ದೇಶದಲ್ಲಿರುವುದಕ್ಕಿಂತ ಹೆಚ್ಚು ಮಕ್ಕಳು ತನ್ನಲ್ಲಿ ನೆಲೆಸಿರಬೇಕೆಂದು ಆಸ್ಟ್ರೇಲಿಯಾ ಕೇಳುತ್ತದೆ. ಬ್ರಿಟನ್ನಿನ 2012ರ ನಿಯಮಗಳಂತೆ, ವೃದ್ಧರಿಗೆ ದಿನನಿತ್ಯದ ಆರೈಕೆ ಬೇಕಾಗಿದ್ದು ಅದು ಸ್ವದೇಶದಲ್ಲಿ ದೊರೆಯುವುದಿಲ್ಲವೆಂದು ತೋರಿಸಿಕೊಡಬೇಕು. ನಡೆದಾಡುವ ಶಕ್ತಿಯಿದ್ದಾಗ ಬಾಗಿಲು ಮುಚ್ಚಿ, ಶಕ್ತಿಯುಡುಗಿದ ಮೇಲೆ ತೆರೆಯುವ ಈ ನಿಯಮ ವಿಚಿತ್ರವೇ ಸರಿ.

ಅಮೆರಿಕೆಯ ಬಾಗಿಲು ಇವುಗಳಿಗಿಂತ ವಿಶಾಲವಾದುದು. ಅಲ್ಲಿ 1965ರಲ್ಲಿ ಬಂದ ಕಾನೂನು ರಾಷ್ಟ್ರವಾರು ಕೋಟಾ ಪದ್ಧತಿಯನ್ನು ತೆಗೆದುಹಾಕಿ, ಕುಟುಂಬದವರು ಒಂದುಗೂಡುವುದಕ್ಕೆ ಆದ್ಯತೆ ನೀಡಿತು. ಅಮೆರಿಕೆಯ ಪ್ರಜೆಯಾಗಿರುವ, 21 ವರ್ಷ ತುಂಬಿದ ಮಗ ಅಥವಾ ಮಗಳು ತಂದೆತಾಯಿಗಳಿಗಾಗಿ ಅರ್ಜಿ ಸಲ್ಲಿಸಬಹುದು. ಇದಕ್ಕೆ ವಾರ್ಷಿಕ ಸಂಖ್ಯಾಮಿತಿಯಿಲ್ಲ. ಆದರೆ ಗ್ರೀನ್ ಕಾರ್ಡ್ ಮಾತ್ರ ಪಡೆದು, ಇನ್ನೂ ಪ್ರಜೆಯಾಗದ ಮಗನಿಗೆ ಈ ಹಕ್ಕಿಲ್ಲ. ತಂದೆಗೊಂದು, ತಾಯಿಗೊಂದು ಪ್ರತ್ಯೇಕ ಅರ್ಜಿ ಬೇಕು. ಅವರೊಡನೆ ಮನೆಯಲ್ಲಿರುವ ಅವಿವಾಹಿತ ಮಗಳು ಆ ಅರ್ಜಿಗಳ ಬಲದಿಂದ ಹೋಗಲಾರಳು. ಕಾನೂನು ಎಣಿಸುವ ಕುಟುಂಬವೇ ಬೇರೆ, ಅಂಕೋಲೆಯ ಜಗಲಿಯಲ್ಲಿ ಕುಳಿತು ಎಣಿಸುವ ಕುಟುಂಬವೇ ಬೇರೆ.

ಬಹುಮಟ್ಟಿಗೆ ತೊಡಕು ಹುಟ್ಟುವುದು ಕಾಗದಪತ್ರಗಳಲ್ಲಿ. ಗಂಗಾವಳಿ ದಂಡೆಯ ಹಳ್ಳಿಯೊಂದರಲ್ಲಿ 1940ರ ದಶಕದಲ್ಲಿ ಹುಟ್ಟಿದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಬಹುದು. ಆಕೆ ಹುಟ್ಟಿದ್ದು ಸೂಲಗಿತ್ತಿಯ ಕೈಯಲ್ಲಿ, ಮನೆಯಲ್ಲಿ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಆಕೆಯ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಶಾಲೆಗೆ ಹೋಗಿದ್ದರೆ ಅಲ್ಲಿಯ ದಾಖಲೆಯಲ್ಲಿ ತವರಿನ ಹೆಸರಿದೆ. ಆದರೆ ಕರಾವಳಿಯ ಅನೇಕ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ವಾಡಿಕೆಯಿತ್ತು. ಶಾಲೆಯ ಸೀತೆ ಗಂಡನ ಮನೆಯಲ್ಲಿ ಲಕ್ಷ್ಮಿಯಾದಳು. ಮಗನ ಜನನ ದಾಖಲೆಯಲ್ಲಿ ತಾಯಿಯ ಹೆಸರು ಲಕ್ಷ್ಮಿಬಾಯಿ ಎಂದಾಯಿತು. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಎಲ್ಲರಿಗೂ ಆಕೆ 'ಆಯಿ'. ಸಾವಿರಾರು ಮೈಲಿ ದೂರದ ಅಧಿಕಾರಿಗಾದರೋ ಇವರು ಮೂವರು ಬೇರೆ ಬೇರೆ ಹೆಂಗಸರು! ಮೂವರೂ ಒಬ್ಬಳೇ ಎಂದು ಸಿದ್ಧಪಡಿಸುವ ಭಾರ ಎಪ್ಪತ್ತು ದಾಟಿದ ಆಕೆಯ ಮೇಲೆ ಬೀಳುತ್ತದೆ. ಜನನ ದಾಖಲೆ ಲಭ್ಯವಿಲ್ಲವೆಂಬ ಪತ್ರವನ್ನು ನೋಂದಣಿ ಕಚೇರಿಯಿಂದ ತರಬೇಕು. ಆಕೆಯ ಹುಟ್ಟನ್ನು ಬಲ್ಲ, ಆಕೆಗಿಂತ ಹಿರಿಯ ಬಂಧುಗಳನ್ನು ಹುಡುಕಿ ಅಫಿಡವಿಟ್ ಮಾಡಿಸಬೇಕು. ಅಂಥ ಹಿರಿಯರಾದರೂ ಎಷ್ಟು ಮಂದಿ ಉಳಿದಿರುತ್ತಾರೆ?

ಮಗನೂ ಒಂದು ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ತನ್ನ ವರಮಾನವು ಅಲ್ಲಿಯ ಸರ್ಕಾರ ಗೊತ್ತುಪಡಿಸಿದ ಬಡತನದ ರೇಖೆಯ ಕನಿಷ್ಠ 125 ಪ್ರತಿಶತ ಇದೆಯೆಂದು ತೋರಿಸಿ, ತಂದೆತಾಯಿಗಳ ಪೋಷಣೆಯ ಹೊಣೆಯನ್ನು ಕಾನೂನುಬದ್ಧವಾಗಿ ಹೊರಬೇಕು. ಬಳಿಕ ವೈದ್ಯಕೀಯ ಪರೀಕ್ಷೆ, ಮುಂಬಯಿಯ ದೂತಾವಾಸದಲ್ಲಿ ಸಂದರ್ಶನ. ಹೀಗೆ ಕೊಂಕಣ ರೈಲು ಅಂಕೋಲೆಯವರನ್ನು ಮತ್ತೆ ಅದೇ ಮುಂಬಯಿಗೆ ಒಯ್ಯುತ್ತದೆ.

ವೀಸಾ ದೊರೆತೊಡನೆ ಎಲ್ಲವೂ ಮುಗಿಯಿತೆಂದು ತಿಳಿಯುವವರುಂಟು. ನಿಜವಾದ ಆಯ್ಕೆ ಆರಂಭವಾಗುವುದೇ ಆಗ. ಗ್ರೀನ್ ಕಾರ್ಡ್ ಎಂಬುದು ಅಲ್ಲಿ ವಾಸಿಸುವುದಕ್ಕೆ ಕೊಟ್ಟ ಅನುಮತಿ. ಬೇಕೆಂದಾಗ ಹೋಗಿಬರುವ ಚೀಟಿಯಲ್ಲ. ಮುಂಚಿತವಾಗಿ ಅನುಮತಿ ಪಡೆಯದೆ ವರ್ಷಕ್ಕೂ ಹೆಚ್ಚು ಕಾಲ ಊರಿನಲ್ಲಿ ಉಳಿದರೆ ಅದು ಕೈತಪ್ಪಬಹುದು. ಇನ್ನು ಕಾಯಿಲೆಯ ಮಾತು. ಅಲ್ಲಿ ದುಡಿದು ತೆರಿಗೆ ಕಟ್ಟದ ವೃದ್ಧರು ಹಣ ಕೊಟ್ಟು ಮೆಡಿಕೇರ್ ಎಂಬ ಸರ್ಕಾರಿ ವಿಮೆಗೆ ಸೇರಬೇಕಾದರೂ ಐದು ವರ್ಷ ಸತತವಾಗಿ ವಾಸಿಸಿರಬೇಕು. ಮುಂದೆ ಅಮೆರಿಕೆಯ ಪ್ರಜೆಗಳಾದರೆ ಭಾರತದ ಪೌರತ್ವ ಹೋಗುತ್ತದೆ, ಏಕೆಂದರೆ ನಮ್ಮ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಆಗ ಸಾಗರೋತ್ತರ ಭಾರತೀಯರ ಕಾರ್ಡ್ ಪಡೆದು ಬಂದುಹೋಗಬಹುದಾದರೂ ಮತದಾನದ ಹಕ್ಕು ಇರದು. ಇರುವ ಗಜನಿ ಗದ್ದೆಯನ್ನು ಉಳಿಸಿಕೊಳ್ಳಬಹುದು, ಹೊಸದನ್ನು ಕೊಳ್ಳುವಂತಿಲ್ಲ.

ಗದ್ದೆ, ತೆಂಗಿನ ತೋಟ, ದೇವರ ದೀಪ ಇವುಗಳನ್ನು ಯಾರಿಗೆ ಒಪ್ಪಿಸುವುದು? ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕರಾವಳಿಯ ಹಳ್ಳಿಗಳನ್ನು ತೊರೆದ ಮನೆಗಳ ಹಿರಿಯರಿಗಂತೂ ಇದು ಎರಡನೆಯ ಬಾರಿ ಊರು ಬಿಡುವ ಪ್ರಸಂಗ. ಅಲ್ಲಿ ಮೊಮ್ಮಕ್ಕಳ ಸಂತೋಷವುಂಟು. ಆದರೆ ಕಾರು ನಡೆಸಲಾರದವರು ಅಂಗಡಿಗೂ ಹೋಗಲಾರದೆ, ಮಗ ಸೊಸೆ ಕೆಲಸಕ್ಕೆ ಹೊರಟ ಮೇಲೆ ಸಂಜೆಯವರೆಗೆ ಮಾತಿಗೆ ಜನವಿಲ್ಲದೆ ಕೂಡುವುದೂ ಉಂಟು. ಗಂಡಹೆಂಡಿರಲ್ಲಿ ಒಬ್ಬರೇ ಉಳಿದಾಗ ತಕ್ಕಡಿ ಬೇರೆ ಕಡೆ ತೂಗುತ್ತದೆ. ರಾತ್ರಿ ಎದೆನೋವು ಬಂದರೆ ಊರಿನ ದೊಡ್ಡ ಮನೆಯಲ್ಲಿ ಕೂಗಿದರೆ ಕೇಳುವವರು ಯಾರು?

ಆದುದರಿಂದ ಅನೇಕರು ನೆಲೆಸುವ ಅರ್ಜಿಯನ್ನು ಮುಂದೂಡಿ ಪ್ರವಾಸಿ ವೀಸಾವನ್ನೇ ನೆಚ್ಚುತ್ತಾರೆ. ಅದರಲ್ಲಿ ಒಂದು ಭೇಟಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಅವಕಾಶ ಸಿಗುತ್ತದೆ. ಪ್ರವಾಸಿಗಳ ವಿಮೆಯು ಹಳೆಯ ಕಾಯಿಲೆಗಳನ್ನು ಹೆಚ್ಚಾಗಿ ಒಳಗೊಳ್ಳುವುದಿಲ್ಲವಾದ್ದರಿಂದ, ಹೊರಡುವ ಮೊದಲು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಔಷಧಗಳನ್ನು ವೈದ್ಯರ ಚೀಟಿಯೊಡನೆ ಜೋಡಿಸಿಕೊಳ್ಳುತ್ತಾರೆ. ವೈಶಾಖದ ಬಂಡಿಹಬ್ಬ ಮುಗಿಸಿ, ಇಶಾಡು ಮಾವಿನ ರುಚಿ ನೋಡಿ ಹೊರಟರೆ, ಇಲ್ಲಿಯ ಮಳೆಗಾಲ ಅಲ್ಲಿಯ ಬೇಸಗೆಯಲ್ಲಿ ಕಳೆಯುತ್ತದೆ. ದೀಪಾವಳಿಯ ಹೊತ್ತಿಗೆ ಅಂಕೋಲೆಯ ಮನೆಯ ಬಾಗಿಲು ಮತ್ತೆ ತೆರೆಯುತ್ತದೆ.