ಗಣಕಯಂತ್ರದಲ್ಲಿ ಅಧಿಕಾರವಿಚಾರ

ಅಧಿಕಾರವೆಂಬ ಶಬ್ದಕ್ಕೆ ಲೋಕದಲ್ಲಿ ಒಡೆತನವೆಂದೂ ಶಾಸ್ತ್ರದಲ್ಲಿ ಅರ್ಹತೆಯೆಂದೂ ಅರ್ಥವುಂಟು. ಯಾವ ಕರ್ಮಕ್ಕೆ ಯಾರು ಅಧಿಕಾರಿಯೆಂಬ ವಿಚಾರಕ್ಕೆ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯವೇ ಮೀಸಲಾಗಿದೆ. ಗಣಕಯಂತ್ರದ ಬಳಕೆಯಲ್ಲಿಯೂ ಈ ವಿವೇಕವು ಆವಶ್ಯಕವು.

ಯಂತ್ರದಲ್ಲಿ ಖಾತೆಗಳು ಎರಡು ಬಗೆ. ಸಾಮಾನ್ಯ ಖಾತೆಯವನು ಓದಬಹುದು, ಬರೆಯಬಹುದು, ಪತ್ರ ಕಳುಹಬಹುದು. ಅಡ್ಮಿನಿಸ್ಟ್ರೇಟರ್ ಖಾತೆಯವನಾದರೋ ಎಲ್ಲರಿಗೂ ಅನ್ವಯಿಸುವಂತೆ ತಂತ್ರಾಂಶವನ್ನು ಸ್ಥಾಪಿಸಬಲ್ಲನು, ರಕ್ಷಣೆಯ ಏರ್ಪಾಡನ್ನು ನಿಲ್ಲಿಸಬಲ್ಲನು, ಇತರರ ಕಡತಗಳನ್ನೂ ತೆರೆಯಬಲ್ಲನು. ಯಂತ್ರವು ಆಜ್ಞೆಯಿತ್ತವನ ಮನಸ್ಸನ್ನು ಅರಿಯದು. ಖಾತೆಯನ್ನು ಮಾತ್ರ ನೋಡುವುದು. ಆದಕಾರಣ ಇ-ಅಂಚೆಯಲ್ಲಿ ಬಂದ ದುಷ್ಟ ತಂತ್ರಾಂಶವನ್ನು ಒಬ್ಬನು ತಿಳಿಯದೆ ತೆರೆದರೆ, ಅದು ಅವನ ಅಧಿಕಾರವನ್ನೇ ಧರಿಸಿ ನಡೆಯುವುದು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರಿತು. ಆ ಮುದ್ರೆಯೊತ್ತಿದ ಕಪಟಲೇಖವು ರಾಕ್ಷಸನದೆಂದೇ ನಡೆದು ಅವನನ್ನೇ ಕೆಡಿಸಿತು. ಇಲ್ಲಿಯೂ ಅದೇ ನ್ಯಾಯ.

1969ರಲ್ಲಿ ಆರಂಭವಾದ ಯೂನಿಕ್ಸ್ ವ್ಯವಸ್ಥೆಯಲ್ಲಿ ಸರ್ವಾಧಿಕಾರದ ಖಾತೆಗೆ ರೂಟ್ ಎಂದು ಹೆಸರು. ಕಾರ್ಯಕ್ಕೆ ಬೇಕಾದಷ್ಟೇ ಅಧಿಕಾರವಿರತಕ್ಕದ್ದೆಂಬ ತತ್ತ್ವವನ್ನು ಸಾಲ್ಟ್ಸರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರ ಪ್ರಬಂಧದಲ್ಲಿ ನಿರೂಪಿಸಿದರು. ಆದರೂ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಮೊದಲು ರಚಿಸಿದ ಖಾತೆಗೆ ಪೂರ್ಣಾಧಿಕಾರವೇ ದೊರೆಯುತ್ತಿತ್ತು. 2007ರಲ್ಲಿ ಮಾರಾಟಕ್ಕೆ ಬಂದ ವಿಸ್ಟಾದಿಂದೀಚೆಗೆ ದೊಡ್ಡ ಬದಲಾವಣೆಗಳಿಗೆ ಯಂತ್ರವು ಅನುಮತಿಯನ್ನು ಕೇಳುವುದು. ಆದರೆ ಅಡ್ಮಿನಿಸ್ಟ್ರೇಟರನು ಅಭ್ಯಾಸಬಲದಿಂದ ಒಮ್ಮೆ ಒಪ್ಪಿಗೆಯನ್ನೊತ್ತಿದರೆ ಸಾಕು, ಬಾಗಿಲು ತೆರೆಯಿತು.

ಬೆಂಗಳೂರಿನ ಪೂರ್ವದಲ್ಲಿ ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವಣ ಗರುಡಾಚಾರ್‌ಪಾಳ್ಯದ ಸುತ್ತ ತಂತ್ರಾಂಶದ ಕಚೇರಿಗಳು ಅನೇಕವಿವೆ. ಇಂತಹ ಉದ್ಯಮಗಳಲ್ಲಿ ಸರ್ವಾಧಿಕಾರವನ್ನು ಕೆಲವೇ ಮಂದಿಗೆ ಕೊಡುವುದು ವಾಡಿಕೆ. ಅಧ್ಯಾಪಕನ ಮನೆಯ ಯಂತ್ರಕ್ಕಾದರೋ ಕಾವಲುಗಾರನೂ ಅವನೇ, ಬಳಸುವವನೂ ಅವನೇ. ಆದುದರಿಂದ ಎರಡು ಖಾತೆಗಳನ್ನು ಅವನೇ ಬೇರ್ಪಡಿಸಬೇಕು.

ಕ್ರಮವು ಸುಲಭ. ಮೊದಲು ಹೊಸದೊಂದು ಅಡ್ಮಿನಿಸ್ಟ್ರೇಟರ್ ಖಾತೆಯನ್ನು ರಚಿಸಿ ಬೇರೆ ಗುಪ್ತಪದವನ್ನಿಡಬೇಕು. ಬಳಿಕ ಹಳೆಯ ಖಾತೆಯನ್ನು ಸಾಮಾನ್ಯವಾಗಿ ಮಾರ್ಪಡಿಸಬೇಕು. ಬರೆಹಗಳೆಲ್ಲ ಇದ್ದಲ್ಲಿಯೇ ಉಳಿಯುವುವು. ತಾನು ಏನನ್ನೂ ಸ್ಥಾಪಿಸದಿರುವಾಗ ಯಂತ್ರವು ಆ ಗುಪ್ತಪದವನ್ನು ಕೇಳಿದರೆ ಕೊಡಕೂಡದು.

ಇದರಿಂದ ಸಕಲವೂ ಸುರಕ್ಷಿತವೆಂದು ಭ್ರಮಿಸಬಾರದು. 2000ನೆಯ ಇಸವಿಯ ಮೇ ತಿಂಗಳಲ್ಲಿ ಹಬ್ಬಿದ ‘ಐ ಲವ್ ಯೂ’ ಎಂಬ ಕ್ರಿಮಿಯು ಜನರ ಚಿತ್ರಗಳನ್ನೂ ಇತರ ಕಡತಗಳನ್ನೂ ಅಳಿಸಿ ಬರೆಯಿತು. ಸ್ವಂತ ಕಡತಗಳ ನಾಶಕ್ಕೆ ಸಾಮಾನ್ಯ ಖಾತೆಯ ಅಧಿಕಾರವೇ ಸಾಕು. ಅಲ್ಪಾಧಿಕಾರವು ಯಂತ್ರವನ್ನೂ ಇತರರನ್ನೂ ಕಾಯುವುದು. ಹಲವು ವರ್ಷಗಳ ಗ್ರಂಥಸಂಪಾದನೆಯನ್ನು ಕಾಯುವುದು ಯಂತ್ರದಿಂದ ಬೇರ್ಪಡಿಸಿಟ್ಟ ಇನ್ನೊಂದು ಪ್ರತಿಯೇ.